ಬಿಟ್ಟ ಸ್ಥಳ

ಮುಂಬೈಯ ದಫ್ತರಖಾನೆಯಿಂದ ನಾನು ತಂದದ್ದು
ಒಂದೇ ಹಾಳೆ, ಅದೂ ಝೆರಾಕ್ಸು.
ಇಪ್ಪತ್ತು ರೂಪಾಯಿ ಕೊಟ್ಟೆ, ರಸೀದಿ ಹರಿದುಕೊಟ್ಟರು.
ರಸೀದಿ ಬಸ್ಸಿನಲ್ಲಿ ಕಳೆಯಿತು, ಹಾಳೆ ಉಳಿಯಿತು.

ಗುಳೇದಗುಡ್ಡದ ಪ್ರೌಢಶಾಲೆ, ಒಂಬತ್ತನೆಯ ಬ ವರ್ಗ,
ಊಟದ ಗಂಟೆಗೆ ಮೊದಲಿನ ಪಿರಿಯಡ್ಡು.
ಕಿಟಕಿಯಾಚೆ ಯಾರದೋ ಮನೆಯ ಮಗ್ಗ
ಖಟಕ್ ಅಂದು, ತುಸು ತಡೆದು, ಮತ್ತೆ ಖಟಕ್.

ಪಾಠದಲ್ಲಿ ನಮ್ಮೂರಿಲ್ಲ.
ನಲವತ್ತೆರಡರ ಚಳವಳಿಗೆ ಒಂದೂವರೆ ಪುಟ,
ಕೊನೆಗೆ ಹೊಂದಿಸಿ ಬರೆಯಿರಿ, ಬಿಟ್ಟ ಸ್ಥಳ ತುಂಬಿರಿ.
ನಾನೂ ಹಾಗೆಯೇ ತುಂಬುತ್ತ ಬೆಳೆದವನು.
ವೈಸ್‌ರಾಯರ ಹೆಸರುಗಳನ್ನು ಮಗ್ಗಿಯಂತೆ ಒಪ್ಪಿಸಿ
ಬಹುಮಾನಕ್ಕೆ ಸ್ಟೀಲಿನ ಲೋಟ ಪಡೆದವನು.
ಇವತ್ತಿಗೂ ಅದರಲ್ಲೇ ಚಹಾ ಕುಡಿಯುತ್ತೇನೆ.

ಹಾಳೆಯ ನಕಲು ಮಾಡಿಸಿ ಬೆಂಚಿಗೊಂದು ಹಂಚಿದೆ,
ನಡುವೆ ಒಂದು ಹರಕು ಡಿಕ್ಷನರಿ ಇಟ್ಟೆ.
‘ಇದು ನಮ್ಮ ಮೇಲೆ ಅವರು ಬರೆದದ್ದು.
ಇದರ ಮೇಲೆ ನೀವು ಬರೆಯಿರಿ’ ಅಂದೆ.

ಪೊಲೀಸ್ ವರದಿ. ಅಕ್ಷರಗಳ ಹೊಟ್ಟೆಯಲ್ಲೆಲ್ಲ ಮಸಿ.
ಬಾದಾಮಿಯ ದಾರಿಯಲ್ಲಿ, ಸಂತೆಯ ದಿನ,
ಒಬ್ಬ ಹೆಂಗಸು. ವಯಸ್ಸು ಮೂವತ್ತರ ಸುಮಾರು.
ತಲೆಯ ಗಂಟಿನಲ್ಲಿ ಹನ್ನೊಂದು ಕುಪ್ಪಸದ ಬಟ್ಟೆ,
ಮಡಿಕೆಗಳ ನಡುವೆ ರಾಜದ್ರೋಹದ ಕರಪತ್ರ.
ಕುಪ್ಪಸದ ಬಟ್ಟೆ ಅನ್ನುತ್ತಲೇ ಹುಡುಗಿಯರು ನಕ್ಕರು.
‘ಖಣ ರೀ ಸರ, ಖಣ!
ಸಾಹೇಬಗ ಖಣ ಅನ್ನಾಕ ಬರಲಿಲ್ಲೇನ್ರಿ?’
ಶಾಹೀನ್ ಬಾಗವಾನ ಎದ್ದು ಬೋರ್ಡಿಗೆ ಹೋಗಿ
ಆನೆ ಹೆಜ್ಜೆ, ಸೂಜಿ ಮಲ್ಲಿಗೆ, ತುಳಸಿ ಪಾನ ಅಂತ
ಒಂದೊಂದೇ ನಮೂನೆ ಬರೆಯುತ್ತ ಹೋದಳು.
ವೈಸ್‌ರಾಯರ ಪಟ್ಟಿಗಿಂತ ಉದ್ದವಾಯಿತು.

ಕೆಳಗೆ ಸಹಿ. ಇಂಗ್ಲಿಷರದಲ್ಲ,
ನಮ್ಮ ಸೀಮೆಯದೇ ಅಡ್ಡಹೆಸರಿನ ಫೌಜದಾರ.
‘ಸರ, ಇಂವ ನಮ್ಮಾಂವನೋ ಅವರಾಂವನೋ?’
ಕೇಳಿದವನು ಮಲ್ಲೇಶಿ. ಅವನಪ್ಪ ಪೊಲೀಸ್ ಪೇದೆ.
ಗೈಡಿನಲ್ಲಿ ಉತ್ತರವಿರಲಿಲ್ಲ.
ನಾನು ಕೈಗಂಟಿದ ಸೀಮೆಸುಣ್ಣ ಒರೆಸಿಕೊಂಡೆ.

ಮತ್ತೆ ಮೇಲೆ, ‘ಹೆಸರು’ ಎಂಬಲ್ಲಿ ಏನೂ ಇಲ್ಲ.
ಟೈಪಿಸ್ಟು ಕುಟ್ಟಿದ ಹದಿನೆಂಟು ಚುಕ್ಕೆ.
ಇದಕ್ಕೇ ಕಾದಿದ್ದ ನಾನು ಭಾಷಣ ಹೊರತೆಗೆದೆ:
ನೋಡಿ, ಆಳುವವರು ಹೇಗೆ ನಮ್ಮ ಹೆಸರು ಅಳಿಸಿದರು,
ನಾವೀಗ ಈ ಬಿಟ್ಟ ಸ್ಥಳ ತುಂಬಬೇಕು,
ಮನೆಯಲ್ಲಿ ಹಿರಿಯರನ್ನು ಕೇಳಿ ಬನ್ನಿ.

ಸೋಮವಾರ ಬನಶ್ರೀ ಮಾಲಗಿತ್ತಿಯ ಹಿಂದೆ
ಅವಳ ಅಜ್ಜಿ ಕೋಲೂರಿಕೊಂಡು ಬಂದಳು.
ಬಾಗಿಲಲ್ಲೇ ನಿಂತು ಹಾಳೆ ಇಸಿದುಕೊಂಡಳು.
‘ಇದಕ್ಕ ಎಷ್ಟ ಕೊಟ್ಟಿ?’
ಇಪ್ಪತ್ತು ಅಂದೆ. ‘ತುಟ್ಟಿ ಆತು’ ಅಂದಳು.
ಆಮೇಲೆ ಹೇಳಿದಳು:

‘ಇಕಿ ನಮ್ಮವ್ವ. ನಾ ಆಗ ಹೊಟ್ಟ್ಯಾಗ.
ಹೆಸರ ಕೇಳಿದರಂತ. ಹೊಡದರಂತ. ಕೊಡಲಿಲ್ಲಂತ.
ಹೆಸರ ಕೊಟ್ಟಿದ್ರ ಮನಿ ಸಿಗತಿತ್ತು,
ಮನಿ ಸಿಕ್ಕಿದ್ರ ಮಗ್ಗದ ಕುಣಿ ಸಿಗತಿತ್ತು,
ಕುಣ್ಯಾಗ ಛಾಪಿಸೋ ಮಿಷನ್ನು.
ಇದು ಅವರು ಬಿಟ್ಟ ಜಾಗಾ ಅಲ್ಲೋ ಮಾಸ್ತರ,
ನಮ್ಮವ್ವ ಬಿಡಿಸಿದ್ದು.’

ಮಗ್ಗ ನಿಂತಿತ್ತೋ, ನನಗೇ ಕೇಳಿಸಲಿಲ್ಲವೋ.

‘ಆಯೀ, ಈಗರ ಬರೀಲೇನು?’ ಬನಶ್ರೀ ಪೆನ್ನು ತೆರೆದಿದ್ದಳು.
ಮುದುಕಿ ಸೆರಗಿನಿಂದ ಹಾಳೆ ಒರೆಸಿದಳು, ಧೂಳೇನೂ ಇರಲಿಲ್ಲ.
‘ನಿನಗ ಹೇಳತೀನಿ.
ಕಾಗದಕ್ಕ ಹೇಳಬ್ಯಾಡ.’

ಕಿರುಪರೀಕ್ಷೆಗೆ ಪ್ರಶ್ನೆ ತೆಗೆಯಲು ಕೂತ ರಾತ್ರಿ
‘ಬಿಟ್ಟ ಸ್ಥಳ’ ಎಂದು ಬರೆದೆ.
‘ತುಂಬಿರಿ’ ಅನ್ನಲು ಕೈ ಬರಲಿಲ್ಲ.
ಬಿಟ್ಟವರು ಯಾರು, ಯಾಕೆ ಎಂದು ಕೇಳಿ
ಐದು ಅಂಕ ಇಟ್ಟೆ.

ಹಲವರು ಅಜ್ಜಿಯ ಮಾತನ್ನೇ ಬರೆದಿದ್ದರು, ಅಚ್ಚುಕಟ್ಟಾಗಿ.
ಆಗಲೇ ಅದೂ ಒಂದು ಗೈಡಿನ ಉತ್ತರವಾದಂತೆ.
ಮಲ್ಲೇಶಿ ಮಾತ್ರ ಎರಡೇ ಸಾಲು ಗೀಚಿದ್ದ:
‘ಹಿಡಿದ ಖಣ ಹನ್ನೊಂದು. ಜಪ್ತಿ ಪಟ್ಟಿಯಲ್ಲಿ ಹತ್ತು.
ಒಂದು ಯಾರ ಮನೆಗೆ ಹೋಯಿತು?’

ಕೆಂಪು ಪೆನ್ನು ಬದಿಗಿಟ್ಟೆ.
ಹಾಳೆ ತೆಗೆದು ದೀಪದ ಕೆಳಗೆ ಎಣಿಸಿದೆ.
ಎರಡನೆಯ ಸಲವೂ
ಹತ್ತೇ.